ಊರ ಮುಂದೆ ನಿಂತ ವಿಜ್ಞಾನ: ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಬಿ.ಎಸ್ಸಿ. ಓದುವ ಹುಡುಗನನ್ನೋ ಹುಡುಗಿಯನ್ನೋ ಜನ ‘ಸೈನ್ಸ್ ಓದಿದವರು’ ಎಂದು ಒಪ್ಪಿಕೊಳ್ಳುವುದು ಅಂಕಪಟ್ಟಿ ನೋಡಿ ಅಲ್ಲ. ಗ್ರಹಣ ಹಿಡಿದಾಗ ಬಸುರಿ ಹೊರಗೆ ಬರಬಹುದೇ, ಬೋರಿನ ನೀರು ಯಾಕೆ ಕೆಂಪಗೆ ಬಂತು, ರಾತ್ರಿ ಭೂಮಿಯೊಳಗಿಂದ ಕೇಳಿದ ಸದ್ದು ಎಂಥದು ಎಂದು ಯಾರಾದರೂ ಕೇಳಿದಾಗ ಉತ್ತರ ಹೇಳಬೇಕು. ಹೇಳಿದ ಮೇಲೂ ಎದುರಿನವರು ಎದ್ದು ಹೋಗದೆ ಕೂತಿರಬೇಕು. ಆಗ ಒಪ್ಪಿಗೆ. ಕಾಲೇಜಿನ ವರದಿಗಳಲ್ಲಿ ‘ವಿಜ್ಞಾನ ಪ್ರಸಾರ ಕಾರ್ಯಕ್ರಮ’ ಎಂಬ ಹೆಸರಿನಲ್ಲಿ ದಾಖಲಾಗುವ ಕೆಲಸ ನಿಜವಾಗಿ ನಡೆಯುವುದು ಇಂಥ ಕಡೆ. ಕೇಳಿದವರು ಎಷ್ಟು ಬದಲಾದರೋ ಹೇಳುವುದು ಕಷ್ಟ. ಹೇಳಿದವರು ಮಾತ್ರ ಮೊದಲಿನಂತೆ ಉಳಿಯುವುದಿಲ್ಲ.

ಹಾಗೆ ಹೇಳಲು ನಿಲ್ಲುವವರಲ್ಲಿ ಬಹಳಷ್ಟು ಮಂದಿ ತಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ತೊಗರಿ, ಸೋಯಾ, ಕಬ್ಬು ಬೆಳೆಯುವ ಮನೆಗಳಿಂದ ಬೆಳಿಗ್ಗೆಯ ಬಸ್ಸಿಗೆ ಪಾಸು ತೋರಿಸಿ ಬಂದು ಸಂಜೆಯೊಳಗೆ ವಾಪಸಾಗುವವರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ, ಗಡಿಯ ಹಳ್ಳಿಗಳಾದರೆ ಮರಾಠಿಯಲ್ಲಿ, ಪೇಟೆಯ ಕೆಲವು ಓಣಿಗಳಲ್ಲಿ ಉರ್ದುವಿನಲ್ಲಿ ಕಲಿತು, ಪದವಿಗೆ ಬಂದಾಗ ಭೌತವಿಜ್ಞಾನವನ್ನೂ ರಸಾಯನವಿಜ್ಞಾನವನ್ನೂ ಇಂಗ್ಲಿಷಿನಲ್ಲಿ ಓದಬೇಕಾದವರು. ವೈದ್ಯಕೀಯ ಸೀಟು ಸಿಗಲಿಲ್ಲ, ಎಂಜಿನಿಯರಿಂಗಿಗೆ ದುಡ್ಡಿಲ್ಲ, ಅದಕ್ಕೇ ಬಿ.ಎಸ್ಸಿ. ಎಂಬ ಮಾತು ಮನೆಯೊಳಗೂ ಹೊರಗೂ ಓಡಾಡುತ್ತಿರುತ್ತದೆ. ಹೀಗಾಗಿ ಮೊದಲ ವರ್ಷದ ವಿದ್ಯಾರ್ಥಿಗೆ ತನ್ನ ಬಗ್ಗೆ ಇರುವ ಕಲ್ಪನೆ ಹೆಚ್ಚಾಗಿ ‘ಉಳಿದವನು’ ಎಂಬುದು. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಈ ಕಾಲೇಜುಗಳು ನಾಲ್ಕು ದಶಕ ಇದ್ದವು. 2023ರಲ್ಲಿ ಹಾಲಹಳ್ಳಿಯ ಸ್ನಾತಕೋತ್ತರ ಕೇಂದ್ರವನ್ನೇ ನೆಲೆಯಾಗಿಸಿಕೊಂಡು ಬೀದರ್ ವಿಶ್ವವಿದ್ಯಾಲಯ ಬಂತು. ಎರಡೇ ವರ್ಷದಲ್ಲಿ, ಆಗಷ್ಟೇ ಹುಟ್ಟಿದ್ದ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲಿ ಎದ್ದು, ಬೀದರಿನದನ್ನು ಮಾತ್ರ ಉಳಿಸಿಕೊಳ್ಳುವ ಶಿಫಾರಸಾಯಿತು. ಪದವಿ ಪ್ರಮಾಣಪತ್ರದ ಮೇಲೆ ಯಾವ ಹೆಸರು ಬರುತ್ತದೆ ಎಂಬುದೇ ಅಲುಗಾಡುವಾಗ, ವಿದ್ಯಾರ್ಥಿ ತನ್ನ ಗುರುತನ್ನು ಬೇರೆಲ್ಲಾದರೂ ಹುಡುಕಿಕೊಳ್ಳುವುದು ಸಹಜ.

ಈ ಹುಡುಕಾಟಕ್ಕೆ ಶಿಕ್ಷಣ ಸಂಶೋಧನೆಯಲ್ಲಿ ಒಂದು ಚೌಕಟ್ಟು ಇದೆ. 2007ರಲ್ಲಿ ಅಮೆರಿಕದ ಹೈಡಿ ಕಾರ್ಲೋನ್ ಮತ್ತು ಆಂಜೆಲಾ ಜಾನ್ಸನ್, ಬಿಳಿಯರಲ್ಲದ 15 ಮಹಿಳೆಯರು ವಿಜ್ಞಾನ ಕ್ಷೇತ್ರದಲ್ಲಿ ಬೆಳೆದ ಬಗೆಯನ್ನು ಅಧ್ಯಯನ ಮಾಡಿ, ವಿಜ್ಞಾನಿ ಎಂಬ ಗುರುತು ಮೂರು ಎಳೆಗಳಿಂದ ಹೆಣೆದದ್ದು ಎಂದರು: ವಿಷಯದ ತಿಳಿವಳಿಕೆ, ಅದನ್ನು ಇತರರ ಎದುರು ಮಾಡಿ ತೋರಿಸುವುದು, ಮತ್ತು ಇತರರು ‘ಹೌದು, ಇವಳು ವಿಜ್ಞಾನದವಳು’ ಎಂದು ಒಪ್ಪುವುದು. ಮೂರನೆಯದೇ ಎಲ್ಲಕ್ಕಿಂತ ತೊಡಕಿನದು ಎಂದು ಅವರಿಗೆ ಕಂಡಿತು. ಆ ಅಧ್ಯಯನದಲ್ಲಿ ಒಪ್ಪಬೇಕಾದವರು ಮುಖ್ಯವಾಗಿ ಪ್ರಾಧ್ಯಾಪಕರು, ಪ್ರಯೋಗಾಲಯದ ಹಿರಿಯರು. ಬಸವಕಲ್ಯಾಣದಲ್ಲಿ ಅಂಥ ಪ್ರಯೋಗಾಲಯವಿಲ್ಲ. ಹತ್ತಿರದ ದೊಡ್ಡ ಸಂಶೋಧನಾ ಸಂಸ್ಥೆಗಳೆಂದರೆ ಹೈದರಾಬಾದಿನವು. ಇಲ್ಲಿ ಒಪ್ಪಬೇಕಾದವರು ಕಟ್ಟೆಯ ಮೇಲೆ ಕೂತ ಕಾಕಾ, ಮುತ್ಯಾಗಳು, ಬಾವಿಕಟ್ಟೆಯ ಅಕ್ಕಂದಿರು, ಕನ್ನಡ ಶಾಲೆಯ ಮಕ್ಕಳು. ಅಮೆರಿಕದ ಚೌಕಟ್ಟನ್ನು ಇಲ್ಲಿಗೆ ತಂದಾಗ ಬದಲಾಗುವುದು ಈ ಒಂದು ಅಂಶವೇ. ಅದರಿಂದ ಉಳಿದದ್ದೆಲ್ಲ ಬದಲಾಗುತ್ತದೆ.

ವಿದ್ಯಾರ್ಥಿ ಊರ ಮುಂದೆ ನಿಲ್ಲುವ ಪದ್ಧತಿ ಕರ್ನಾಟಕದಲ್ಲಿ ಇದ್ದಕ್ಕಿದ್ದಂತೆ ಬಂದದ್ದಲ್ಲ. ಎಚ್. ನರಸಿಂಹಯ್ಯ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ನೇಮಿಸಿ ದೇಶದ ಗಮನ ಸೆಳೆದರು. ಅದೇ ವರ್ಷದ 42ನೇ ತಿದ್ದುಪಡಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಗಿ, ‘ಬಾಲ ವಿಜ್ಞಾನ’ ಮಾಸಿಕ ಜಿಲ್ಲೆ ಜಿಲ್ಲೆಯ ಶಾಲೆಗಳಿಗೆ ಹೋಯಿತು. 1987ರ ಅಕ್ಟೋಬರ್ 2ರಂದು ದೇಶದ ಐದು ದಿಕ್ಕುಗಳಿಂದ ಹೊರಟ ಭಾರತ ಜನವಿಜ್ಞಾನ ಜಾಥಾ ನವೆಂಬರ್ 7ರಂದು ಭೋಪಾಲದಲ್ಲಿ ಕೂಡಿತು. ಅನಿಲ ದುರಂತದ ಊರನ್ನು ಆರಿಸಿಕೊಂಡದ್ದರಲ್ಲೇ ಆ ಚಳವಳಿಯ ನಿಲುವು ಇತ್ತು. ಹಾಡು, ಬೀದಿನಾಟಕ, ಪ್ರಯೋಗ ಬೆರೆತ ಆ ಮಾದರಿ ಆಮೇಲಿನ ಸಾಕ್ಷರತಾ ಆಂದೋಲನಕ್ಕೂ ದಕ್ಕಿತು. ಈ ಭಾಗಕ್ಕೆ ಹತ್ತಿರದ್ದೆಂದರೆ 1984ರಲ್ಲಿ ತೆರೆದ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ. ಕಾಲೇಜು ಮಟ್ಟದಲ್ಲಿ ಕೆಲಸ ನಡೆಯುವುದು ಮಾತ್ರ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ವಿಶೇಷ ಶಿಬಿರದಲ್ಲಿ, ಇಲ್ಲವೇ ಫೆಬ್ರುವರಿ 28ರ ವಿಜ್ಞಾನ ದಿನದ ನೆಪದಲ್ಲಿ. ಎರಡರಲ್ಲೂ ಫೋಟೊ ತೆಗೆಸಿಕೊಂಡು ಮುಗಿಸುವ ಅವಕಾಶ ಧಾರಾಳವಾಗಿದೆ. ಬಹಳ ಕಡೆ ಆಗುವುದೂ ಅಷ್ಟೇ. ಆದರೆ ಹಳ್ಳಿಯಲ್ಲಿ ಏಳು ರಾತ್ರಿ ಮಲಗಿದ ಮೇಲೆ ಯಾರೋ ಒಬ್ಬರು ಪ್ರಶ್ನೆ ಕೇಳಿಯೇ ಕೇಳುತ್ತಾರೆ.

ಬಸವಕಲ್ಯಾಣಕ್ಕೆ ಬರುವ ಪ್ರವಾಸಿಗೆ ಮೊದಲು ಕಾಣುವುದು 108 ಅಡಿಯ ಬಸವಣ್ಣನ ಪ್ರತಿಮೆ, ಆಮೇಲೆ ಕೋಟೆ. ಹನ್ನೊಂದನೇ ಶತಮಾನದಲ್ಲಿ ಒಂದನೇ ಸೋಮೇಶ್ವರ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಇದು ಚಾಲುಕ್ಯರ ಕಲ್ಯಾಣ. ಈಗಿನ ಕೋಟೆಯ ಗೋಡೆಗಳಲ್ಲಿ ಬಹಮನಿ ಕಾಲದ ಕೆಲಸವೇ ಹೆಚ್ಚು. ಹಳೆಯ ಗುಡಿಯ ಕಲ್ಲುಗಳು ಅಲ್ಲಲ್ಲಿ ಗೋಡೆಯೊಳಗೆ ಕೂತಿವೆ. ವಿಜ್ಞಾನ ವಿದ್ಯಾರ್ಥಿಗಳಿಗೆ ಈ ಕೋಟೆಯ ಬಗ್ಗೆ ಯಾರೂ ಹೇಳದ ಸಂಗತಿಯೊಂದಿದೆ. ಕನ್ನಡದಲ್ಲಿ ಶಾಸ್ತ್ರ ವಿಷಯಗಳನ್ನು ಸಾಮಾನ್ಯ ಓದುಗರಿಗಾಗಿ ಬರೆದ ಮೊದಮೊದಲ ಪುಸ್ತಕಗಳು ಹುಟ್ಟಿದ್ದು ಇದೇ ಚಾಲುಕ್ಯ ಮನೆತನದ ಆಶ್ರಯದಲ್ಲಿ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಸುಮಾರು 1025ರದು; ನೀರಿನ ಸೆಲೆ ಹುಡುಕುವುದು, ಗಿಡಮರ ಬೆಳೆಸುವುದು, ಅಡುಗೆ, ಔಷಧಿ ಎಲ್ಲ ಅದರಲ್ಲಿವೆ. 1049ರಲ್ಲಿ ಶ್ರೀಧರಾಚಾರ್ಯ ‘ಜಾತಕತಿಲಕ’ ಬರೆದ. ಇಂದಿನ ಅಳತೆಯಲ್ಲಿ ಜಾತಕ ವಿಜ್ಞಾನವಲ್ಲ, ಆದರೆ ಗ್ರಹಗಳ ಲೆಕ್ಕಕ್ಕೆ ಅದು ಕನ್ನಡದ ಬಾಗಿಲು ತೆರೆಯಿತು. ಆರನೇ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ ದನಕರುಗಳ ಕಾಯಿಲೆಗಳ ಕುರಿತು ‘ಗೋವೈದ್ಯ’ ಬರೆದ. ಅರಮನೆಯ ಹುಡುಗ ಹಟ್ಟಿಯ ಎತ್ತಿನ ಬಗ್ಗೆ ಬರೆದ ಪುಸ್ತಕ ಎಂದರೆ, ಹಳ್ಳಿಗೆ ಹೋಗಲು ಹಿಂಜರಿಯುವ ಈಗಿನ ಪದವೀಧರನಿಗೆ ಸ್ವಲ್ಪ ಧೈರ್ಯ ಬರಬಹುದು. ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಸಂಸ್ಕೃತದ್ದು. ನೂರು ಅಧ್ಯಾಯಗಳ ಆ ಗ್ರಂಥಕ್ಕೆ ಸಿಕ್ಕ ಹೆಸರು ಈ ಕನ್ನಡ ಪುಸ್ತಕಗಳಿಗೆ ಸಿಗಲಿಲ್ಲ.

ಕಾರ್ಯಕ್ರಮಗಳ ಭಾಷಣಗಳಲ್ಲಿ ಈ ಪುಸ್ತಕಗಳ ಮಾತು ಬರುವುದಿಲ್ಲ. ಬರುವುದು ಅನುಭವ ಮಂಟಪ. ಊರಿನ ಅಂಚಿನಲ್ಲಿ ತ್ರಿಪುರಾಂತಕ ಕೆರೆಯ ಆಸುಪಾಸಿನಲ್ಲಿ ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಅಕ್ಕ ನಾಗಮ್ಮನವರ ಹೆಸರಿನ ಗವಿಗಳಿವೆ. 2021ರ ಜನವರಿ 6ರಂದು ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಹನ್ನೆರಡನೇ ಶತಮಾನದಲ್ಲಿ ಹಗ್ಗ ಹೊಸೆಯುವವರೂ ದೋಣಿ ನಡೆಸುವವರೂ ಬಟ್ಟೆ ಮಡಿ ಮಾಡುವವರೂ ಕೂತು ದೇವರನ್ನೂ ಜಾತಿಯನ್ನೂ ಪ್ರಶ್ನಿಸಿದರು ಎಂಬುದು ಇಲ್ಲಿನ ಮಕ್ಕಳಿಗೆ ಎಳೆಯ ವಯಸ್ಸಿನಿಂದ ಗೊತ್ತು. ಆದ್ದರಿಂದ ಪಂಚಾಂಗವನ್ನು ಪ್ರಶ್ನಿಸುವ ವಿದ್ಯಾರ್ಥಿ ‘ಬೆಂಗಳೂರಿನಿಂದ ಬಂದ ಬುದ್ಧಿ’ ಎಂಬ ಆರೋಪಕ್ಕೆ ಹೆದರಬೇಕಿಲ್ಲ. ಶರಣರ ಊರಿನವನು ತಾನು ಎಂದರೆ ಸಾಕು, ಕಟ್ಟೆಯ ಮೇಲಿನ ಅರ್ಧ ಜನ ಸುಮ್ಮನಾಗುತ್ತಾರೆ. ಈ ಅನುಕೂಲಕ್ಕೆ ಒಂದು ಬೆಲೆಯೂ ಇದೆ. ವಚನಗಳಲ್ಲಿ ಅಣುವಿದೆ, ಗುರುತ್ವವಿದೆ ಎಂದು ಹೇಳಿಬಿಡುವ ಚಪಲ ವೇದಿಕೆಯ ಮೇಲೆ ಬೇಗ ಅಂಟಿಕೊಳ್ಳುತ್ತದೆ. ಶರಣರ ಪ್ರಶ್ನೆ ಬದುಕಿನದು, ಆಚರಣೆಯದು. ಅಳತೆ, ಪ್ರಯೋಗ ಅದರ ಕೆಲಸವಾಗಿರಲಿಲ್ಲ. ಇದೇ ಕಾಲದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯ ‘ಸಿದ್ಧಾಂತ ಶಿರೋಮಣಿ’ ಮುಗಿಸಿದ. ಪ್ರಶ್ನೆ ಕೇಳುವ ಧೈರ್ಯವನ್ನು ಶರಣರಿಂದ, ಲೆಕ್ಕ ಹಾಕುವ ಕ್ರಮವನ್ನು ಗಣಿತಜ್ಞರಿಂದ ಪಡೆಯುವುದು ಇಬ್ಬರಿಗೂ ಮರ್ಯಾದೆ.

ಲೆಕ್ಕಕ್ಕೆ ಈ ಊರು ಒಳ್ಳೆಯ ಜಾಗ. ಬಸವಕಲ್ಯಾಣದ ಅಕ್ಷಾಂಶ ಸುಮಾರು 17.87 ಡಿಗ್ರಿ ಉತ್ತರ. ಮೇ ಎರಡನೇ ವಾರದಲ್ಲಿ ಒಂದು ದಿನ, ಆಗಸ್ಟ್ ಮೊದಲ ದಿನಗಳಲ್ಲಿ ಇನ್ನೊಂದು ದಿನ ನಡುಹಗಲಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ವಸ್ತುವಿಗೆ ಆಗ ನೆರಳಿರುವುದಿಲ್ಲ. ಆಗಸ್ಟಿನಲ್ಲಿ ಮೋಡದ ಕಾಟ, ಹೀಗಾಗಿ ಮೇ ತಿಂಗಳೇ ಗಟ್ಟಿ. ಸಲಕರಣೆಯೆಂದರೆ ಒಂದು ತುಂಡು ಪಿವಿಸಿ ಪೈಪು, ಮೇಸ್ತ್ರಿಯ ತೂಗುಗುಂಡು, ಸಮತಟ್ಟಾದ ಹಲಗೆ, ಅದರ ಮೇಲೆ ಅಂಟಿಸಿದ ಬಿಳಿ ಹಾಳೆ. ಹಾಳೆಯ ಮೇಲೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಪೆನ್ಸಿಲಿನಿಂದ ಚುಕ್ಕಿ. ಚುಕ್ಕಿಗಳು ಪೈಪಿನ ಬುಡದ ಕಡೆ ಸರಿಯುತ್ತವೆ. ಗಡಿಯಾರ 12 ಹೊಡೆದಾಗ ಎಲ್ಲರೂ ಬಗ್ಗಿ ನೋಡುತ್ತಾರೆ. ನೆರಳು ಇನ್ನೂ ಇದೆ. ಇಲ್ಲೇ ಹೇಳುವವರಿಗೆ ಮೊದಲ ಪರೀಕ್ಷೆ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಬಸವಕಲ್ಯಾಣ 77 ಡಿಗ್ರಿಗೂ ತುಸು ಪಶ್ಚಿಮ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ನಡುಹಗಲು ತಡ. ಮೇ ತಿಂಗಳಲ್ಲಿ ಸೂರ್ಯ ತಾನೇ ಮೂರೂವರೆ ನಿಮಿಷ ಮುಂದಿರುವುದನ್ನು ಕಳೆದರೆ ಸಿಗುವುದು 12 ಗಂಟೆ 18 ನಿಮಿಷ. ಆ ಹೊತ್ತಿಗೆ ಪೈಪಿನ ಸುತ್ತ ನೆರಳಿಲ್ಲ, ಒಳಗೆ ಬಿಸಿಲಿನ ದುಂಡು ಬಿಲ್ಲೆ. ಹುಮನಾಬಾದಿನಲ್ಲಿ ಇದೇ ಗಳಿಗೆ ಸುಮಾರು 40 ಸೆಕೆಂಡು ಮೊದಲೇ ಬಂದುಹೋಗಿರುತ್ತದೆ.

“ನೆಳ್ಳ ಎಲ್ಲಿ ಹೋತು?” ಎಂದು ಕೇಳುವ ಕಾಕಾನಿಗೆ “ಎಲ್ಲೂ ಹೋಗಿಲ್ಲ ಕಾಕಾ, ಕಾಲ ಬುಡಕೇ ಅದ” ಎಂದು ಹೇಳಿ, ಆಮೇಲೆ ಸೂರ್ಯನ ದಾರಿ ವರ್ಷವಿಡೀ ಹೇಗೆ ಸರಿಯುತ್ತದೆ ಎಂದು ಕೈಯಾಡಿಸಿ ತೋರಿಸಬೇಕಾಗುತ್ತದೆ. ಪರೀಕ್ಷೆಗೆ ಬರೆಯುವ ಇಂಗ್ಲಿಷ್ ವಾಕ್ಯಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬೀದರ್ ಸೀಮೆಯ ಮಾತಿನಲ್ಲೇ ಹೇಳಬೇಕೆಂದಾಗ, ತನಗೆ ಎಷ್ಟು ಅರ್ಥವಾಗಿದೆ, ಎಷ್ಟು ಬರೀ ಬಾಯಿಪಾಠ ಎಂಬುದು ಹೇಳುವವರಿಗೇ ಮೊದಲ ಸಲ ಗೊತ್ತಾಗುತ್ತದೆ. ಮುಂದಿನ ಹೆಜ್ಜೆ ಫೋನಿನದು. ಅದೇ ದಿನ ಬೆಂಗಳೂರಿನಲ್ಲಿರುವ ಗೆಳೆಯ ಅಲ್ಲಿನ ನಡುಹಗಲಿಗೆ ಒಂದು ಮೀಟರ್ ಕೋಲು ನಿಲ್ಲಿಸಿದರೆ ನೆರಳು ದಕ್ಷಿಣಕ್ಕೆ ಸುಮಾರು 8.6 ಸೆಂ.ಮೀ. ಬೀಳುತ್ತದೆ. ಅಂದರೆ 4.9 ಡಿಗ್ರಿಯ ಕೋನ. ಎರಡೂ ಊರುಗಳ ಉತ್ತರ–ದಕ್ಷಿಣ ಅಂತರ ಸುಮಾರು 545 ಕಿ.ಮೀ. ಇಷ್ಟರಿಂದ ಭೂಮಿಯ ಸುತ್ತಳತೆ 40 ಸಾವಿರ ಕಿ.ಮೀ. ಎಂದು ಬರುತ್ತದೆ. ಎರಟೋಸ್ತನೀಸ್ ಈಜಿಪ್ಟಿನಲ್ಲಿ ಎರಡು ಊರುಗಳ ನಡುವೆ ಮಾಡಿದ್ದ ಕೆಲಸ ಇದೇ. ಬೆಂಗಳೂರಿಗೆ ಪಿ.ಜಿ. ಮನೆ ಹುಡುಕಲು ಹೋದ ಗೆಳೆಯನೂ ಊರಲ್ಲೇ ಉಳಿದವನೂ ಸಮಾನರಾಗಿ ಪಾಲ್ಗೊಳ್ಳುವ ಪ್ರಯೋಗಗಳು ಹೆಚ್ಚಿಲ್ಲ; ಇದರಲ್ಲಿ ಉಳಿದವನಿಲ್ಲದೆ ಲೆಕ್ಕವೇ ಆಗದು.

ಪಶ್ಚಿಮಕ್ಕೆ ಮುಖ ಮಾಡಿದರೆ ಬೇರೊಂದು ಬಗೆಯ ವಿಜ್ಞಾನ ಕಾದಿದೆ. ಬಸವಕಲ್ಯಾಣದಿಂದ ನೇರ ಅಳತೆಯಲ್ಲಿ 50 ಕಿ.ಮೀ.ಗೂ ಒಳಗೆ ಮಹಾರಾಷ್ಟ್ರದ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, 6.2 ಪ್ರಮಾಣದ ಭೂಕಂಪವಾಗಿ ಎಂಟರಿಂದ ಹತ್ತು ಸಾವಿರ ಮಂದಿ ಸತ್ತರು. ಗಟ್ಟಿ ಶಿಲೆಯ ದಖ್ಖನಿನಲ್ಲಿ ಇಷ್ಟು ದೊಡ್ಡದು ಆಗಲಾರದು ಎಂದುಕೊಂಡಿದ್ದ ತಜ್ಞರೂ ದಂಗಾದರು. ಕೊಂದದ್ದು ಹೆಚ್ಚಾಗಿ ಮನೆಗಳು: ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ಅದೇ ಮಾದರಿಯ ಮನೆಗಳು ಬಸವಕಲ್ಯಾಣ ತಾಲ್ಲೂಕಿನಲ್ಲಿ ಇವತ್ತಿಗೂ ಇವೆ. 2021ರ ಅಕ್ಟೋಬರಿನಲ್ಲಿ ನೆರೆಯ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಭೂಮಿಯೊಳಗಿಂದ ಸದ್ದು ಬಂದು, ದೊಡ್ಡ ಕಂಪನದ ಪ್ರಮಾಣ 4ರ ಆಸುಪಾಸಿಗೆ ಮುಟ್ಟಿದಾಗ ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು, ಹಲವರು ಊರನ್ನೇ ಬಿಟ್ಟರು. ಮಳೆನೀರು ಬಂಡೆಯ ಬಿರುಕುಗಳಿಗೆ ಇಳಿದು ಒಳಗಿನ ಒತ್ತಡ ಬದಲಾಗುವುದರಿಂದ ಇಂಥ ಸಣ್ಣ ಕಂಪನಗಳಾಗುತ್ತವೆ ಎಂದು ವಿಜ್ಞಾನಿಗಳು ವಿವರಿಸಿದರು.

ಇಂಥ ದಿನಗಳಲ್ಲಿ ವಾಟ್ಸಾಪಿನಲ್ಲಿ ‘ನಾಸಾ ಹೇಳಿದೆ, ಇಂದು ರಾತ್ರಿ 3ಕ್ಕೆ’ ಎಂಬ ಬಗೆಯ ಸಂದೇಶ ಓಡಾಡುವುದು ಈಗ ಮಾಮೂಲು. ಮನೆಯವರು ಅದನ್ನು ಓದಿ ತೋರಿಸುವುದು ಬಿ.ಎಸ್ಸಿ. ಮಗಳಿಗೇ. ಭೂಕಂಪದ ದಿನ, ಗಂಟೆ ಮೊದಲೇ ಹೇಳುವ ವಿದ್ಯೆ ನಾಸಾಕ್ಕೂ ಇಲ್ಲ, ಬೇರೆ ಯಾರಿಗೂ ಇಲ್ಲ ಎಂದು ಆಕೆ ಹೇಳಬೇಕು. ಗೊತ್ತಿಲ್ಲ ಎಂಬುದನ್ನೂ ಗಟ್ಟಿಯಾಗಿ ಹೇಳುವುದು ಜ್ಯೋತಿಷಿಗೆ ಸಾಧ್ಯವಿಲ್ಲ. ಆದರೆ ಯಾವ ಮನೆ ಬೀಳುತ್ತದೆ ಎಂಬುದನ್ನು ತಕ್ಕಮಟ್ಟಿಗೆ ಹೇಳಬಹುದು. ಮಾಳಿಗೆಯ ಮಣ್ಣು ಇಳಿಸಿ, ಮೂಲೆಗಳಲ್ಲಿ ಗೋಡೆಗೋಡೆಗೆ ಹಿಡಿತ ಕೊಡಿ ಎಂದು ಅಪ್ಪನಿಗೆ ಹೇಳಬಹುದು. ವಿಜ್ಞಾನದವರು ಎಂದರೆ ಎಲ್ಲ ಗೊತ್ತಿರುವವರು ಎಂಬ ಕಲ್ಪನೆಯಿಂದ ಹೊರಬರುವುದು ಈ ಗುರುತಿನ ಬೆಳವಣಿಗೆಯಲ್ಲಿ ದೊಡ್ಡ ಹಂತ. ಪಠ್ಯಪುಸ್ತಕ ಅಲ್ಲಿಗೆ ಕರೆದೊಯ್ಯುವುದು ಅಪರೂಪ. ಅದರಲ್ಲಿ ಪ್ರತಿ ಅಧ್ಯಾಯದ ಕೊನೆಗೂ ಉತ್ತರವಿರುತ್ತದೆ.

ಸಸ್ತಾಪುರ ಬಂಗ್ಲಾ ಹತ್ತಿರ ಪುಣೆ–ಹೈದರಾಬಾದ್ ಹೆದ್ದಾರಿ ಸೇರಿದರೆ ಹುಮನಾಬಾದ್ ಸುಮಾರು 30 ಕಿ.ಮೀ. ಹೆದ್ದಾರಿಯ ಬದಿಯ ಆಟೋನಗರದಲ್ಲಿ ಲಾರಿಗಳ ಬಿಡಿಭಾಗ ಬಿಚ್ಚಿ ಜೋಡಿಸುವವರು ಲೋಹದ ದಣಿವನ್ನೂ ಸವೆತವನ್ನೂ ಕೈಬೆರಳಿನಿಂದ ಓದುತ್ತಾರೆ. ಯಾವ ವಿಜ್ಞಾನ ಮೇಳಕ್ಕೂ ಅವರನ್ನು ಕರೆದಂತಿಲ್ಲ. ರಾಜೇಶ್ವರ ದಾಟಿದ ಮೇಲೆ ಎರೆಹೊಲಗಳ ನಡುವೆ ಕೆಂಪು ಜಂಬಿಟ್ಟಿಗೆಯ ಎತ್ತರಗಳು ಶುರುವಾಗುತ್ತವೆ.

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ. ವೀರಭದ್ರನ ಜಾತ್ರೆಗಳಲ್ಲಿ ಅಗ್ಗಿ ಹಾಯುವುದು, ಪುರವಂತರ ಒಡಪು, ಶಸ್ತ್ರ ಹಾಕಿಸಿಕೊಳ್ಳುವುದು ಉತ್ತರ ಕರ್ನಾಟಕದ ಉದ್ದಕ್ಕೂ ಇದೆ. ಮೊಹರಂನಲ್ಲಿ ಅಲಾಯಿ ಕುಣಿಯ ಕೆಂಡವನ್ನು ಹಿಂದೂಗಳೂ ಮುಸ್ಲಿಮರೂ ಹಾಯುತ್ತಾರೆ. ವಿಜ್ಞಾನ ಪ್ರಸಾರಕ್ಕೆ ಇಳಿದ ವಿದ್ಯಾರ್ಥಿ ತನ್ನ ಮನೆಯವರಿಗೇ ಎದುರಾಗುವುದು ಇಂಥ ಕಡೆ. ಪವಾಡ ಬಯಲು ಪ್ರದರ್ಶನಗಳಲ್ಲಿ ಜನಪ್ರಿಯವಾದದ್ದು ಮಂತ್ರದಿಂದ ಬೆಂಕಿ ಹೊತ್ತಿಸುವ ಆಟ. ಇಟ್ಟಿಗೆಯ ಪುಟ್ಟ ಕುಂಡದಲ್ಲಿ ಒಣ ಸೀಳು ಕಟ್ಟಿಗೆ, ನಡುವೆ ಪುಡಿ ಮಾಡಿದ ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ಕುಂಕುಮದ ಮರೆಯಲ್ಲಿ ಅದರ ನೇರಳೆ ಕಪ್ಪು ಕಾಣುವುದಿಲ್ಲ. ಬಟ್ಟಲಿನಲ್ಲಿ ತುಪ್ಪದಂತೆ ತೋರುವುದು ಗ್ಲಿಸರಿನ್. ಚಮಚದಿಂದ ಸುರಿದ ಕೂಡಲೇ ಏನೂ ಆಗದು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ತೆಳು ಹೊಗೆ, ಆಮೇಲೆ ಭಗ್ಗೆಂದು ನೇರಳೆ ಅಂಚಿನ ಜ್ವಾಲೆ. ನಡುವಿನ ಆ ತಡವೇ ಢೋಂಗಿ ಬಾಬಾನ ಬಂಡವಾಳ, ಮಂತ್ರ ಹೇಳಲು ಬೇಕಾದಷ್ಟು ಸಮಯ. ಚುರುಕು ಹುಡುಗರು ಮಂತ್ರದ ಬದಲು ಎರಡೊಂದ್ಲೆ ಎರಡು ಎಂದು ಮಗ್ಗಿ ಹೇಳುತ್ತಾರೆ. ಆಗಲೂ ಬೆಂಕಿ ಹೊತ್ತುತ್ತದೆ. ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಪ್ರಯೋಗದ ತರ್ಕ ಕಲಿಸುವುದು ಕಷ್ಟ: ಒಂದನ್ನು ಬದಲಿಸು, ಉಳಿದದ್ದನ್ನು ಹಾಗೇ ಇಡು, ಫಲ ನೋಡು.

ಅಗ್ಗಿ ಹಾಯುವುದು ಈ ಆಟದ ಜಾತಿಯದಲ್ಲ, ಅದನ್ನು ಇದರ ಪಕ್ಕದಲ್ಲಿ ಇಟ್ಟು ನಗುವ ಪ್ರದರ್ಶಕರು ಸೋಲುತ್ತಾರೆ. ಇದ್ದಿಲು ಶಾಖವನ್ನು ನಿಧಾನವಾಗಿ ಬಿಡುತ್ತದೆ, ಮೇಲೆ ಬೂದಿಯ ಪದರ, ಹೆಜ್ಜೆ ಊರುವುದು ಒಂದು ಸೆಕೆಂಡಿಗೂ ಕಡಿಮೆ. ಆದ್ದರಿಂದ ಅಂಗಾಲು ಸುಡುವುದಿಲ್ಲ, ಎಡವಿ ನಿಂತರೆ ಸುಡುತ್ತದೆ. ಇಷ್ಟನ್ನು ಹೇಳಬಹುದು. ಆದರೆ ಹರಕೆ ಹೊತ್ತು ಹಾಯುವ ಆಯಿ ಯಾರಿಗೂ ಮೋಸ ಮಾಡುತ್ತಿಲ್ಲ. ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯೂ ಈ ಗೆರೆಯನ್ನು ಎಳೆಯಲು ನೋಡಿದೆ. ಅದು ಹಿಡಿಯುವುದು ಬಲವಂತವಾಗಿ ಕೆಂಡ ಹಾಯಿಸುವವರನ್ನು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕಾಯಿಲೆ ವಾಸಿಯಾಗುವುದೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಮಕ್ಕಳು ಅಳುತ್ತಿದ್ದ ದೃಶ್ಯಗಳು ದೇಶವೆಲ್ಲ ಹರಡಿದವು. ಅಲ್ಲಿ ನಗುವುದಕ್ಕೂ ಗೌರವಿಸುವುದಕ್ಕೂ ಎಡೆಯಿಲ್ಲ, ತಡೆಯಬೇಕು. ಮೋಸ, ಹರಕೆ, ಹಿಂಸೆ – ಈ ಮೂರನ್ನು ಬಿಡಿಸಿ ನೋಡುವ ವಿವೇಕ ಬಂದಾಗ ವಿದ್ಯಾರ್ಥಿ ಪ್ರದರ್ಶಕನಾಗಿ ಉಳಿಯುವುದಿಲ್ಲ, ಊರಿಗೆ ಬೇಕಾದವನಾಗುತ್ತಾನೆ. ಹಾಲ್ ಟಿಕೆಟನ್ನು ವೀರಭದ್ರನ ಮುಂದೆ ಇಟ್ಟು ಕೈಮುಗಿದು ಬಂದವನೇ ಮಧ್ಯಾಹ್ನ ಗ್ಲಿಸರಿನ್ ಸುರಿಯುವುದೂ ಉಂಟು. ಅದನ್ನು ಆಷಾಢಭೂತಿತನ ಎನ್ನುವುದು ಆತುರ. ಎರಡು ನಿಷ್ಠೆಗಳನ್ನು ಹೊತ್ತು ನಡೆಯುವುದು ಈ ವಯಸ್ಸಿಗೆ ಸಹಜ, ಎಷ್ಟೋ ಮಂದಿಗೆ ಜೀವನಪೂರ್ತಿ ಸಹಜ.

ಇನ್ನೊಂದು ಇಕ್ಕಟ್ಟು ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿದೆ, ಅದರ ಬಗ್ಗೆ ವೇದಿಕೆಗಳು ಮಾತಾಡುವುದು ಕಡಿಮೆ. ಅಲ್ಲಿನ ಔಷಧ, ರಾಸಾಯನಿಕ ಕಾರ್ಖಾನೆಗಳ ದುರ್ವಾಸನೆ, ಕೊಳಚೆನೀರಿನ ಬಗ್ಗೆ ಸುತ್ತಲಿನ ಹಳ್ಳಿಗರ ದೂರು ವರ್ಷಗಳಿಂದ ಇದೆ. ರಸಾಯನವಿಜ್ಞಾನ ಓದಿದವರಿಗೆ ಮನೆಯಿಂದಲೇ ಹೋಗಿಬರಬಹುದಾದ ಕೆಲಸವೂ ಅಲ್ಲೇ. ಬಾವಿನೀರಿನ ಆಮ್ಲೀಯತೆ ಅಳೆಯುವ ಕಾಗದದ ಪಟ್ಟಿ ಹತ್ತಾರು ರೂಪಾಯಿಗೆ ಸಿಗುತ್ತದೆ. ಅಳೆದು, ದಿನಾಂಕ ಹಾಕಿ, ಪುಸ್ತಕದಲ್ಲಿ ಬರೆದಿಡುವುದು ಯಾವ ವಿದ್ಯಾರ್ಥಿಯಾದರೂ ಮಾಡಬಹುದಾದ ಕೆಲಸ. ಬೆಂಕಿಯ ಆಟಕ್ಕೆ ಚಪ್ಪಾಳೆ ತಟ್ಟುವವರು ಈ ಪುಸ್ತಕಕ್ಕೆ ತಟ್ಟುವುದಿಲ್ಲ. ನಾಳೆ ಅದೇ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಕೇಳಬೇಕಾದವರಿಗೆ ಇಂದು ಆ ಪುಸ್ತಕ ಇಟ್ಟುಕೊಳ್ಳುವುದು ಸುಲಭವಲ್ಲ. ಬಾಬಾಗಳನ್ನು ಪ್ರಶ್ನಿಸುವ ವಿಜ್ಞಾನ ಕಾರ್ಖಾನೆಯನ್ನೂ ಪ್ರಶ್ನಿಸಬಲ್ಲದೇ ಎಂಬುದು ಈ ತಾಲ್ಲೂಕಿನಲ್ಲಿ ಈ ಗುರುತಿನ ನಿಜವಾದ ಒರೆಗಲ್ಲು. ಭೋಪಾಲಕ್ಕೆ ಹೋಗಿ ಮುಟ್ಟಿದ ಜಾಥಾ ಕೇಳಿದ್ದೂ ಇದನ್ನೇ. ನಡುವಿನ ವರ್ಷಗಳಲ್ಲಿ ವಿಜ್ಞಾನ ಪ್ರಸಾರ ಪವಾಡ ಬಯಲಿನ ಕಡೆಗೇ ಹೆಚ್ಚು ವಾಲಿದ್ದು ಅದರ ದೊಡ್ಡ ಕೊರತೆ.

ಹುಡುಗಿಯರಿಗೆ ಇನ್ನೂ ಒಂದು ಅಡ್ಡಿ, ಕೊನೆಯ ಬಸ್ಸು. ಆಕಾಶ ವೀಕ್ಷಣೆ ನಡೆಯುವುದು ರಾತ್ರಿ. ಹೀಗಾಗಿ ದೂರದರ್ಶಕದ ಪಕ್ಕ ಹುಡುಗರೇ ನಿಲ್ಲುತ್ತಾರೆ, ಹಗಲಿನ ನೆರಳಿನ ಪ್ರಯೋಗದಲ್ಲಿ ಹುಡುಗಿಯರು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಚಾಲುಕ್ಯ ಗುಡಿಯ ಗೋಡೆಯಲ್ಲಿ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಅಕ್ಷರ ಬರೆಯುವ ಹೆಣ್ಣನ್ನು ಕೆತ್ತಲು ಶಿಲ್ಪಿಗೆ ಅಡ್ಡಿಯಾಗಲಿಲ್ಲ. ರಾತ್ರಿ ಎಂಟಕ್ಕೆ ಬಸ್ಸು ಬಿಡಲು ಸಾರಿಗೆ ವ್ಯವಸ್ಥೆಗೆ ಇವತ್ತಿಗೂ ಅಡ್ಡಿ ಇದೆ. ಕಾಲೇಜುಗಳು ಚಂದ್ರ, ಗುರು, ಶನಿ ಸಂಜೆ ಬೇಗ ಕಾಣುವ ತಿಂಗಳುಗಳನ್ನು ಆರಿಸಿಕೊಂಡರೆ ಅರ್ಧ ಸಮಸ್ಯೆ ನೀಗುತ್ತದೆ.

ಹುಮನಾಬಾದಿಗೆ ತಾಗಿದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನವಿದೆ. 1817ರಲ್ಲಿ ಲಾಡವಂತಿಯಲ್ಲಿ ಹುಟ್ಟಿ 1865ರಲ್ಲಿ ಇಲ್ಲಿ ಸಮಾಧಿಯಾದ ಅವರು ಎಲ್ಲ ಮತಗಳೂ ಸತ್ಯವೆನ್ನುವ ಸಕಲಮತ ಸಂಪ್ರದಾಯ ಸ್ಥಾಪಿಸಿ, ಮರಾಠಿ, ಕನ್ನಡ, ಉರ್ದು ಸೇರಿದಂತೆ ಹಲವು ಭಾಷೆಗಳಲ್ಲಿ ಪದ ಕಟ್ಟಿದರು. ಸಂತರು ಜನರ ಎಲ್ಲ ಭಾಷೆಗಳಲ್ಲೂ ಮಾತಾಡಿದ ಸೀಮೆಯಲ್ಲಿ ವಿಜ್ಞಾನ ಪ್ರಸಾರ ಕನ್ನಡವೊಂದರಲ್ಲೇ ನಡೆದರೆ ಮರಾಠಿ, ಉರ್ದು, ಲಂಬಾಣಿ ಮನೆಗಳು ಹೊರಗೆ ಉಳಿಯುತ್ತವೆ. ಉರ್ದು ಶಾಲೆಯಿಂದ ಬಂದ ಬಿ.ಎಸ್ಸಿ. ಹುಡುಗಿ ತನ್ನ ಓಣಿಯಲ್ಲಿ ಗ್ರಹಣದ ಬಗ್ಗೆ ಉರ್ದುವಿನಲ್ಲಿ ಹೇಳಿದಾಗ ಆಕೆಗೆ ಸಿಗುವ ಮನ್ನಣೆ ಕಾಲೇಜಿನ ಕನ್ನಡ ವೇದಿಕೆಯಲ್ಲಿ ಸಿಗುವುದಕ್ಕಿಂತ ಆಳದ್ದು.

2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆದು ಹುಮನಾಬಾದಿನಿಂದ ಕಲಬುರಗಿಗೆ ರೈಲಿನ ದಾರಿಯಾಯಿತು. ಎಂ.ಎಸ್ಸಿ.ಗೆ ಕಲಬುರಗಿ, ಕೆಲಸಕ್ಕೆ ಹೈದರಾಬಾದ್, ಬೆಂಗಳೂರು ಎಂದು ಹೊರಡುವವರು ಹೆಚ್ಚಾದರು. ಹೊರಟವರಲ್ಲಿ ಹಲವರು ಮತ್ತೆ ಬರುತ್ತಾರೆ. 2013ರಲ್ಲಿ ಜಾರಿಯಾದ ಸಂವಿಧಾನದ 371ಜೆ ವಿಧಿ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ದೊಡ್ಡ ಪಾಲನ್ನು ಸ್ಥಳೀಯರಿಗೆ ಮೀಸಲಿಟ್ಟಿದ್ದರಿಂದ, ಬಿ.ಎಡ್. ಮುಗಿಸಿದ ವಿಜ್ಞಾನ ಪದವೀಧರರು ತಮ್ಮದೇ ತಾಲ್ಲೂಕಿನ ಶಾಲೆಗಳಲ್ಲಿ ಶಿಕ್ಷಕರಾಗುವ ಸಾಧ್ಯತೆ ಹೆಚ್ಚಿದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ 10ರಿಂದ 17 ವರ್ಷದ ಮಕ್ಕಳು ತಮ್ಮ ಸುತ್ತಲಿನ ಸಮಸ್ಯೆಯೊಂದನ್ನು ಆರಿಸಿ ಅಧ್ಯಯನ ಮಾಡಬೇಕು, ಪ್ರತಿ ತಂಡಕ್ಕೆ ಒಬ್ಬರು ಮಾರ್ಗದರ್ಶಿ ಶಿಕ್ಷಕರು ಇರಬೇಕು. ಊರ ಬಾವಿಗಳ ನೀರಿನ ಮಟ್ಟ, ಹೊಲದ ಮಣ್ಣು, ಸಕ್ಕರೆ ಕಾರ್ಖಾನೆಯ ಹಾರುಬೂದಿ – ವಿಷಯಕ್ಕೆ ಕೊರತೆಯಿಲ್ಲ. ಶಿಬಿರದ ದಿನಗಳಲ್ಲಿ ಊರವರ ಪ್ರಶ್ನೆಗೆ ತಡವರಿಸಿದ್ದ ಶಿಕ್ಷಕರು ಮಕ್ಕಳಿಗೆ ಉತ್ತರ ಬರೆಸಲು ಆತುರಪಡುವುದಿಲ್ಲ. ಮೊದಲು ಅಳತೆಯ ಪಟ್ಟಿ, ದಿನಚರಿಯ ಪುಸ್ತಕ ಕೊಟ್ಟು ಹೊಲಕ್ಕೆ ಕಳಿಸುತ್ತಾರೆ.